ಇರುಳಿನ ಓಣಿ, ಕಪ್ಪು-ಬಿಳುಪಿನಲ್ಲಿ



ನಾವು ಓಣಿ ಅಂದರೂ ಗಲ್ಲಿ ಅಂದರೂ ದಾರಿ ಒಂದೇ. ಕಪ್ಪು-ಬಿಳುಪು ಅಂದರೂ ಮರಾಠಿಯ ಕೃಷ್ಣಧವಲ ಅಂದರೂ ಚಿತ್ರ ಒಂದೇ. ಹಳೆಯ ಓಣಿಯನ್ನು ಹಗಲಿನಲ್ಲಿ ತೆಗೆದರೆ ಕೇಬಲ್ ತಂತಿ, ನೀಲಿ ತಾಡಪತ್ರಿ, ಚುನಾವಣೆಯ ಫಲಕ ಮುಂದೆ ಬರುತ್ತವೆ. ಕಲ್ಲುಗೋಡೆ ಹಿಂದೆ ಸರಿಯುತ್ತದೆ. ಇರುಳಿನಲ್ಲಿ ದೀಪ ಬಿದ್ದಷ್ಟೇ ಜಗತ್ತು. ಬೆಳಕು ಪಕ್ಕದಿಂದ ಬಿದ್ದರೆ ಕಲ್ಲಿನ ಮೇಲಿನ ಒಂದೊಂದು ಉಳಿಯ ಪೆಟ್ಟೂ ಎದ್ದು ಕಾಣುತ್ತದೆ. ಒಂದು ಕಂಬದಲ್ಲಿ ಸೋಡಿಯಂ ಹಳದಿ, ಇನ್ನೊಂದರಲ್ಲಿ ಎಲ್‌ಇಡಿ ಬಿಳಿ. ಬಣ್ಣದ ಫೋಟೋದಲ್ಲಿ ಇವೆರಡೂ ಜಗಳಾಡುತ್ತವೆ. ಕಪ್ಪು-ಬಿಳುಪಿನಲ್ಲಿ ಬೆಳಕು ಹೆಚ್ಚೋ ಕಡಿಮೆಯೋ ಎಂಬುದಷ್ಟೇ ಉಳಿಯುತ್ತದೆ.

ಈ ಕೆಲಸಕ್ಕೆ ಹೆಸರಾದವನು ಬ್ರಸಾಯಿ. ಪ್ಯಾರಿಸ್ ನಗರದ ಇರುಳು ಬೀದಿಗಳ ಆತನ ಪುಸ್ತಕ 1932ರಲ್ಲಿ ಹೊರಬಂತು. 1899ರಲ್ಲಿ ಆತ ಹುಟ್ಟಿದ ಬ್ರಶ್ಶೋ ಪಟ್ಟಣ ಆಗ ಹಂಗೇರಿಯದು. ಮೊದಲ ಮಹಾಯುದ್ಧದ ನಂತರ ರೊಮೇನಿಯಕ್ಕೆ ಸೇರಿತು. ಗಡಿ ಸರಿಯಿತು, ಆತ ಮಾತ್ರ ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡ, ನಮ್ಮಲ್ಲಿ ಊರಿನ ಮೇಲೆ ಅಡ್ಡಹೆಸರು ಇಟ್ಟುಕೊಳ್ಳುವ ಹಾಗೆ. ಗಡಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆತ ಬೆಳಕಿನ ವೇಳೆಯನ್ನು ಸಿಗರೇಟಿನಿಂದ ಅಳೆಯುತ್ತಿದ್ದ: ಸಾಧಾರಣ ಬೆಳಕಿದ್ದರೆ ತೆಳ್ಳನೆಯದು, ಕತ್ತಲೆ ಹೆಚ್ಚಿದ್ದರೆ ದಪ್ಪನೆಯದು ಸುಟ್ಟು ಮುಗಿಯುವವರೆಗೆ. ನೀವು ಸೇದಬೇಡಿ, ಗಡಿಯಾರ ಸಾಕು.

ಫಿಲ್ಮಿನವರಿಗೆ ಒಂದು ಲೆಕ್ಕ. ಬೆಳಕು ತೀರಾ ಕಡಿಮೆಯಾದಾಗ ಫಿಲ್ಮು ಮೈಗಳ್ಳನಾಗುತ್ತದೆ. ಕೊಡಕ್ ಕಂಪನಿಯ ಟ್ರೈ-ಎಕ್ಸ್ ಫಿಲ್ಮಿಗೆ ಮೀಟರು 1 ಸೆಕೆಂಡ್ ತೋರಿಸಿದರೆ 2 ಕೊಡಬೇಕು. 10 ತೋರಿಸಿದರೆ 50. 100 ತೋರಿಸಿದರೆ 1200, ಅಂದರೆ 20 ನಿಮಿಷ. ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಇದು ಚಕ್ರಬಡ್ಡಿಯಂತೆಯೇ ಕಾಣುತ್ತದೆ. ಡಿಜಿಟಲ್ ಕ್ಯಾಮೆರಾಕ್ಕೆ, ಮೊಬೈಲಿಗೆ ಈ ಬಡ್ಡಿ ಇಲ್ಲ. ಆದರೆ ಕೈ ನಡುಗಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಕಟ್ಟೆಯ ಮೇಲೆ ಜೋಳದ ಸಣ್ಣ ಚೀಲವಿಟ್ಟು ಅದರಲ್ಲಿ ಕ್ಯಾಮೆರಾ ಹುದುಗಿಸಿ. ಕೈಯಿಂದ ಒತ್ತದೆ 2 ಸೆಕೆಂಡಿನ ಟೈಮರ್ ಇಡಿ.

ದೀಪದ ಬುರುಡೆ ನೇರವಾಗಿ ಚಿತ್ರದೊಳಗೆ ಬರದಂತೆ ಬೇವಿನ ಗಿಡದ ಹಿಂದೋ ಗೋಡೆಯ ಮೂಲೆಯ ಹಿಂದೋ ಮರೆಮಾಡಿ. ಅರ್ಧ ನಿಮಿಷದ ಚಿತ್ರದಲ್ಲಿ ನಡೆದುಹೋದವರು ಅಳಿಸಿಹೋಗುತ್ತಾರೆ. ಕಟ್ಟೆಯ ಮೇಲೆ ಅಲುಗದೆ ಕುಳಿತ ಅಜ್ಜ ಉಳಿಯುತ್ತಾನೆ. ಒದ್ದೆ ನೆಲ ಬೆಳಕನ್ನು ಎರಡು ಮಾಡುತ್ತದೆ. ನಮ್ಮ ಜತ್ತ ತಾಲೂಕಿನಲ್ಲಿ ಮಳೆ ಅಪರೂಪ, ಬಂದ ರಾತ್ರಿ ನಿದ್ದೆ ಬಿಡಿ. ಟ್ಯಾಂಕರಿನ ನೀರು ಚೆಲ್ಲಿ ಓಣಿ ತೋಯಿಸಿದರೆ ಅತ್ತಿಗೆ-ನಾದಿನಿಯರು ಸುಮ್ಮನಿರಲಿಕ್ಕಿಲ್ಲ. ಮೊದಲೇ ಓಣಿಯವರಿಗೆ ತಿಳಿಸಿರಿ. ನಡುರಾತ್ರಿ ಒಬ್ಬರ ಬಾಗಿಲಿಗೆ ಎದುರಾಗಿ ನಿಂತವನನ್ನು ಊರು ಕಲಾವಿದ ಎನ್ನುವುದಿಲ್ಲ.

ಸಂಖದಂಥ ಊರುಗಳಲ್ಲಿ ಮಣ್ಣಿನ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕುತ್ತಿದ್ದಾರೆ. ಸೋರುವ ಮನೆಯಲ್ಲಿ ಇರುವವರನ್ನು ತಪ್ಪು ಎನ್ನಲಾಗದು. ಮನೆ ಇಳಿಸುವ ಮಾತು ಕಿವಿಗೆ ಬಿದ್ದ ವಾರವೇ ಹೋಗಿ ಬಾಗಿಲು, ಕಟ್ಟೆ, ದೀಪದ ಗೂಡು ತೆಗೆಯಿರಿ. ಗೂಡಿನಲ್ಲಿ ಹಣತೆ ಹಚ್ಚಿಸಿ, ಬೀದಿದೀಪ ದೂರವಿರುವ ಕಡೆಯಿಂದ. ಮೊಬೈಲಿನಲ್ಲೇ ಬಿಡದೆ ಕಾಗದದ ಮೇಲೆ ಮಾಡಿಸಿ. ಹಿಂಬದಿಗೆ ಮನೆತನದ ಹೆಸರು, ಓಣಿ, ತಾರೀಖನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಒಂದು ಪ್ರತಿ ಆ ಮನೆಯವರಿಗೇ ಕೊಡಿರಿ.