ಮೆದು ಪ್ಲಾಸ್ಟಿಕ್: ಕಾನೂನಿನ ಕಾವಲು ಎಲ್ಲಿದೆ, ಎಲ್ಲಿಲ್ಲ?

ಭಾಲ್ಕಿ: ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ನಿಷೇಧಿಸುವುದಾಗಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಸುಮಾರು 250 ಕಡೆ ನಡೆದ ಪರಿಶೀಲನೆಯಲ್ಲಿ 50ಕ್ಕೂ ಹೆಚ್ಚು ಕಡೆ ಈ ರೂಢಿ ಕಂಡುಬಂದಿದೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ತಿಳಿಸಿದ್ದರು. ಬಿಸಿ ತಾಗಿದಾಗ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವುದಾದರೂ ಏನು ಎಂಬ ಪ್ರಶ್ನೆ ಆಗ ಮನೆಮನೆಯಲ್ಲೂ ಎದ್ದಿತ್ತು.

ಉತ್ತರದ ಒಂದು ಮುಖ್ಯ ಭಾಗ 'ಪ್ಲಾಸ್ಟಿಸೈಜರ್' ಎಂಬ ಪದದಲ್ಲಿದೆ. ಗಡಿಯಂಚಿನ ಸಾಯಗಾಂವದ ಕಿರಾಣಿ ಅಂಗಡಿಯಿರಲಿ, ಬೆಂಗಳೂರಿನ ಮಾಲ್ ಇರಲಿ, ಈ ರಾಸಾಯನಿಕ ಬೆರೆತ ವಸ್ತುಗಳು ಎಲ್ಲೆಡೆ ಮಾರಾಟಕ್ಕಿವೆ.

ಏನಿದು ಪ್ಲಾಸ್ಟಿಸೈಜರ್?

ಪಿವಿಸಿ ಎಂಬ ಪ್ಲಾಸ್ಟಿಕ್ ಸ್ವಭಾವತಃ ಗಡುಸು. ನೀರಿನ ಪೈಪು ಇದಕ್ಕೆ ಉದಾಹರಣೆ. ಅದೇ ಪಿವಿಸಿಯನ್ನು ಮೇಜಿನ ಹಾಸು, ಮಳೆ ಅಂಗಿ, ಮಕ್ಕಳ ಗೊಂಬೆ ಅಥವಾ ಬಾಗುವ ಕೊಳವೆಯಾಗಿಸಲು ಎಣ್ಣೆಯಂತಹ ದ್ರವವೊಂದನ್ನು ಬೆರೆಸಬೇಕಾಗುತ್ತದೆ. ಅದೇ ಪ್ಲಾಸ್ಟಿಸೈಜರ್. ಈ ಗುಂಪಿನಲ್ಲಿ ಹೆಚ್ಚು ಬಳಕೆಯಾಗಿರುವುದು ಥ್ಯಾಲೇಟ್‌ಗಳು. ಅವುಗಳಲ್ಲಿ ಹೆಸರುವಾಸಿಯಾದದ್ದು ಡಿಇಎಚ್‌ಪಿ. ಮೆದು ವಸ್ತುವಿನ ತೂಕದಲ್ಲಿ ಶೇ 40ರಷ್ಟು ಪಾಲು ಇದೇ ಆಗಿರುವುದೂ ಉಂಟು.

ಥ್ಯಾಲೇಟ್ ಪ್ಲಾಸ್ಟಿಕ್‌ನೊಂದಿಗೆ ರಾಸಾಯನಿಕವಾಗಿ ಬಂಧಿತವಾಗಿರುವುದಿಲ್ಲ. ಅದರೊಳಗೆ ಸೇರಿಕೊಂಡಿರುತ್ತದೆ ಅಷ್ಟೆ. ಹೀಗಾಗಿ ಶಾಖ, ಎಣ್ಣೆಯ ಅಂಶ ಅಥವಾ ಮಗುವಿನ ಬಾಯಿಯ ಜೊಲ್ಲು ತಗುಲಿದಾಗ ಹೊರಬರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕೆಲವು ಥ್ಯಾಲೇಟ್‌ಗಳು ಗಂಡು ಮರಿಗಳ ಜನನಾಂಗ ಬೆಳವಣಿಗೆಗೆ ಅಡ್ಡಿಯಾಗಿರುವುದು ದೃಢಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಡಿಇಎಚ್‌ಪಿಯನ್ನು 'ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ' 2ಬಿ ವರ್ಗದಲ್ಲಿ ಇರಿಸಿದೆ. ಇದು ಶಂಕೆಯ ವರ್ಗವೇ ಹೊರತು ಖಚಿತ ತೀರ್ಪಲ್ಲ.

ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ

ಪಾಲಿಥೀನ್ ತಾನಾಗಿಯೇ ಬಾಗುವ ಗುಣ ಹೊಂದಿದ್ದು, ಅದಕ್ಕೆ ಪ್ಲಾಸ್ಟಿಸೈಜರ್ ಬೇಕಿಲ್ಲ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್‌ನ ರಾಸಾಯನಿಕ ಹೆಸರು ಥ್ಯಾಲೇಟನ್ನು ನೆನಪಿಸಿದರೂ ಅದು ಬೇರೆಯೇ ವಸ್ತು. ಹಾಗೆಂದು ಇಡ್ಲಿಯ ಹಾಳೆ ನಿರಪಾಯಕಾರಿ ಎಂದು ಭಾವಿಸುವಂತಿಲ್ಲ. ಹಾಳೆ ಯಾವ ಪ್ಲಾಸ್ಟಿಕ್‌ನದು, ಮರುಬಳಕೆಯದೇ, ಅದರಲ್ಲಿ ಬೇರೇನು ಬೆರೆತಿದೆ ಎಂಬುದು ಹೋಟೆಲಿನವರಿಗೂ ತಿಳಿದಿರುವುದಿಲ್ಲ. ಆತಂಕಕ್ಕೆ ಕಾರಣ ಇದೇ.

ನಿಯಮಗಳು ಏನು ಹೇಳುತ್ತವೆ?

ಐರೋಪ್ಯ ಒಕ್ಕೂಟವು 1999ರಲ್ಲಿ ಹಸುಗೂಸುಗಳು ಬಾಯಿಗಿಡುವ ಆಟಿಕೆಗಳಲ್ಲಿ ಆರು ಥ್ಯಾಲೇಟ್‌ಗಳನ್ನು ತಾತ್ಕಾಲಿಕವಾಗಿ ನಿಷೇಧಿಸಿ, 2005ರಲ್ಲಿ ಶೇ 0.1ರ ಮಿತಿಯನ್ನು ಕಾಯಂಗೊಳಿಸಿತು. ಅಮೆರಿಕ 2008ರಲ್ಲಿ ಕಾನೂನು ತಂದಿತು. ಭಾರತದಲ್ಲಿ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿದ್ದು, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಇದರಡಿ ಅನ್ವಯವಾಗುವ ಐಎಸ್ 9873 ಮಾನದಂಡದ 9ನೇ ಭಾಗ ಥ್ಯಾಲೇಟ್‌ಗಳಿಗೇ ಮೀಸಲು.

ಆಹಾರದ ಪೊಟ್ಟಣಗಳಿಗೆ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಾವಳಿ ಅನ್ವಯಿಸುತ್ತದೆ. ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಒಟ್ಟು ಅಂಶ ಕಿಲೋಗೆ 60 ಮಿಲಿಗ್ರಾಂ ಮೀರುವಂತಿಲ್ಲ; ಡಿಇಎಚ್‌ಪಿಗೆ ಪ್ರತ್ಯೇಕವಾಗಿ 1.5 ಮಿಲಿಗ್ರಾಂ ಮಿತಿಯಿದೆ.

ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧ ಹಾಗೂ ಕೇಂದ್ರದ 2022ರ ಏಕಬಳಕೆ ಪ್ಲಾಸ್ಟಿಕ್ ನಿಷೇಧಗಳ ಗುರಿ ಕಸ ಮತ್ತು ಪರಿಸರ. ವಸ್ತುವಿನೊಳಗಿನ ರಾಸಾಯನಿಕವನ್ನು ಅವು ಅಳೆಯುವುದಿಲ್ಲ. ಇನ್ನು ಮೇಜಿನ ಹಾಸು, ಶಾಲಾ ಚೀಲ, ಮಳೆ ಅಂಗಿಗಳು ಆಟಿಕೆ ಆದೇಶದ ವ್ಯಾಪ್ತಿಗೆ ಬರುವುದಿಲ್ಲ. ಹಾಸಿನ ಅಂಚನ್ನು ಮಗು ಚೀಪಿದರೂ ಕಾನೂನಿನ ದೃಷ್ಟಿಯಲ್ಲಿ ಅದು ಆಟಿಕೆಯಲ್ಲ. ಗ್ರಾಹಕರು ತಾವೇ ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ.

ಗ್ರಾಹಕರು ಏನು ಮಾಡಬಹುದು?

* ಬಿಸಿ ಸಾರು, ಚಹಾ, ಕರಿದ ತಿಂಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಳ್ಳದೆ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುವುದು ಒಳಿತು.
* ಎಣ್ಣೆ, ತುಪ್ಪ, ಉಪ್ಪಿನಕಾಯಿಯನ್ನು ಗಾಜು ಅಥವಾ ಪಿಂಗಾಣಿ ಭರಣಿಯಲ್ಲಿಡಬೇಕು.
* ಆಟಿಕೆಯ ಮೇಲೆ ಐಎಸ್‌ಐ ಗುರುತು ಹಾಗೂ ಪರವಾನಗಿ ಸಂಖ್ಯೆ ನೋಡಬೇಕು. ಸಂಖ್ಯೆ ಅಸಲಿಯೇ ಎಂಬುದನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಪರಿಶೀಲಿಸಬಹುದು.
* ತ್ರಿಕೋನದೊಳಗೆ 3 ಎಂಬ ಅಂಕಿಯಿದ್ದರೆ ಅದು ಪಿವಿಸಿ. ಮೆತ್ತಗಿದ್ದು ಘಾಟು ವಾಸನೆ ಬೀರುವ ಅಂತಹ ವಸ್ತುವನ್ನು ಹಸುಗೂಸಿನ ಕೈಗೆ ಕೊಡದಿರುವುದು ಲೇಸು.

ಪ್ಲಾಸ್ಟಿಸೈಜರ್ ಅನ್ನು ಸಾರಾಸಗಟಾಗಿ ವಿಷವೆಂದು ತಳ್ಳಿಹಾಕುವುದೂ ಸರಿಯಲ್ಲ. ರಕ್ತನಿಧಿಗಳ ಪಿವಿಸಿ ಚೀಲದಲ್ಲಿರುವ ಡಿಇಎಚ್‌ಪಿ ಕೆಂಪು ರಕ್ತಕಣಗಳು ಹೆಚ್ಚು ದಿನ ಕೆಡದಂತೆ ನೆರವಾಗುತ್ತದೆ. ಅಲ್ಲಿ ಪ್ರಯೋಜನ ದೊಡ್ಡದಾದ್ದರಿಂದ ಅಪಾಯವನ್ನು ತೂಗಿ ನೋಡಿ ಬಳಸಲಾಗುತ್ತಿದೆ. ಇಡ್ಲಿ ತಟ್ಟೆಯ ಮೇಲೆ ಅಂತಹ ಅನಿವಾರ್ಯವೇನೂ ಇಲ್ಲ. ಒಂದು ತುಂಡು ಹತ್ತಿ ಬಟ್ಟೆ ಸಾಕು.