ತೂಕ ಇಳಿದರೆ ಸಾಕೆ?

‘ಊಟ ಏನೂ ಕಡಿಮೆ ಮಾಡಿಲ್ಲ ಡಾಕ್ಟ್ರೇ, ಆದರೂ ಎರಡು ತಿಂಗಳಲ್ಲಿ ಆರು ಕಿಲೋ ಇಳಿದಿದ್ದೇನೆ. ಒಳ್ಳೆಯದೇ ಅಲ್ಲವೇ?’ ಸಕ್ಕರೆ ಕಾಯಿಲೆ ಇರುವವರು ಹೀಗೆ ಸಂತೋಷದಿಂದ ಕೇಳುವುದುಂಟು. ಅದು ಒಳ್ಳೆಯದಲ್ಲ. ಮಧುಮೇಹದಲ್ಲಿ ತೂಕ ತಾನಾಗಿ ಇಳಿಯುವುದು ಬೇರೆ, ನಾವು ಇಳಿಸುವುದು ಬೇರೆ.

ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿರುವ ಸಕ್ಕರೆ ಜೀವಕೋಶಗಳಿಗೆ ಸರಿಯಾಗಿ ಒದಗದೆ ಮೂತ್ರದಲ್ಲಿ ಹೋಗುತ್ತದೆ. ಶಕ್ತಿಗಾಗಿ ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ತೂಕ ಇಳಿಯುವುದರ ಜೊತೆಗೆ ಬಾಯಾರಿಕೆ, ಪದೇಪದೇ ಮೂತ್ರ, ಸುಸ್ತು ಇದ್ದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿರಿ.

ಎಷ್ಟು ಇಳಿಸಬೇಕು?

ತೂಕ ಇಳಿಸಬೇಕಾದವರು ಸ್ಥೂಲಕಾಯದವರು ಮಾತ್ರ, ಈಗಾಗಲೇ ತೆಳ್ಳಗಿರುವವರಲ್ಲ. ಭಾರತೀಯರಿಗೆ ಮಿತಿ ಸ್ವಲ್ಪ ಕಡಿಮೆಯೇ. 160 ಸೆಂ.ಮೀ. ಎತ್ತರದವರ ತೂಕ ಸುಮಾರು 59 ಕಿಲೋ ದಾಟದಿರುವುದು ಲೇಸು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತದೆ.

ಗುರಿ ದೊಡ್ಡದಿರಬೇಕಿಲ್ಲ. 80 ಕಿಲೋ ಇರುವವರು ನಾಲ್ಕೈದು ಕಿಲೋ ಇಳಿಸಿದರೂ ಸಕ್ಕರೆ, ರಕ್ತದೊತ್ತಡ ಎರಡೂ ಹಿಡಿತಕ್ಕೆ ಬರಲು ಸಹಾಯವಾಗುತ್ತದೆ.

ತಟ್ಟೆಯಲ್ಲಿ ಏನಿರಬೇಕು?

‘ಅನ್ನ ಬಿಟ್ಟು ಮುದ್ದೆ ತಿನ್ನುತ್ತೇನೆ, ಆದರೂ ತೂಕ ಇಳಿದಿಲ್ಲ’ ಎನ್ನುವಿರಾ? ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಅಕ್ಕಿ, ರಾಗಿ, ಗೋಧಿ ಮೂರರಲ್ಲೂ ನೂರು ಗ್ರಾಂಗೆ ಸುಮಾರು 320ರಿಂದ 360 ಕ್ಯಾಲೊರಿ ಇದೆ. ಎರಡು ಮುದ್ದೆಯ ಜಾಗದಲ್ಲಿ ಒಂದು ಸಣ್ಣ ಮುದ್ದೆ ಸಾಕು. ತಟ್ಟೆಯ ಅರ್ಧ ಭಾಗ ಸೊಪ್ಪು, ಪಲ್ಯ, ಕೋಸಂಬರಿ ಇರಲಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಎಣ್ಣೆಯ ಮೇಲೂ ಕಣ್ಣಿಡಿ. ಒಂದು ಟೀ ಚಮಚ ಎಣ್ಣೆ ಎಂದರೆ ಸುಮಾರು 45 ಕ್ಯಾಲೊರಿ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ.

ಉಪವಾಸದ ಅಪಾಯ

ಬೇಗ ಇಳಿಯಬೇಕೆಂದು ರಾತ್ರಿ ಊಟ ಬಿಡುವುದು, ಸಂಕಷ್ಟಿಗೋ ಏಕಾದಶಿಗೋ ಉಪವಾಸವಿದ್ದು ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗುವುದು ಅಪಾಯಕರ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ತಲೆ ಮಂಕಾಗುವುದು ಇದರ ಲಕ್ಷಣ. ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಕಾಲು ಗಂಟೆಯ ನಂತರವೂ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಚೇತರಿಸಿಕೊಂಡ ಮೇಲೆ ಏನಾದರೂ ತಿನ್ನಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಕೆಲವು ಮಾತ್ರೆಗಳಿಂದ, ಇನ್ಸುಲಿನ್‌ನಿಂದ ತೂಕ ಸ್ವಲ್ಪ ಹೆಚ್ಚುವುದೂ ಉಂಟು. ಅದಕ್ಕೆ ಹೆದರಿ ಔಷಧ ನಿಲ್ಲಿಸಬೇಡಿ, ವೈದ್ಯರೊಡನೆ ಮಾತನಾಡಿ. ತೂಕ ಇಳಿಯುತ್ತಿದ್ದಂತೆ ಔಷಧದ ಪ್ರಮಾಣ ತಗ್ಗಿಸಬೇಕಾಗಬಹುದು. ಅದನ್ನೂ ಅವರೇ ತೀರ್ಮಾನಿಸಲಿ.

ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾಯಿಲೆ ಬಂದು ಆರು ವರ್ಷ ಮೀರದ ಸ್ಥೂಲಕಾಯದವರಿಗೆ ವೈದ್ಯರ ನಿಗಾದಲ್ಲಿ ತೂಕ ಇಳಿಸಲಾಯಿತು. ವರ್ಷದ ಕೊನೆಗೆ ಅವರಲ್ಲಿ ಸುಮಾರು ಅರ್ಧದಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗೆ ಇತ್ತು. ಮಾತ್ರೆ ನಿಲ್ಲಿಸಿದ್ದು ರೋಗಿಗಳು ತಾವಾಗಿಯೇ ಅಲ್ಲ, ವೈದ್ಯರ ಮಾತಿನಂತೆ ಎಂಬುದನ್ನು ಮರೆಯಬೇಡಿ.

ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಪಕ್ಕದಲ್ಲೇ ಸಕ್ಕರೆಯ ಪ್ರಮಾಣವನ್ನೂ ಬರೆಯಿರಿ. ಎರಡೂ ನಿಧಾನವಾಗಿ ಒಟ್ಟಿಗೆ ಇಳಿಯುತ್ತಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ತೂಕ ಇಳಿದು ಸಕ್ಕರೆ ಏರುತ್ತಿದ್ದರೆ, ಆ ಚೀಟಿಯೊಂದಿಗೆ ಅಂದೇ ವೈದ್ಯರ ಬಳಿಗೆ ಹೋಗಿರಿ.