ನಿಮಗಿದು ಗೊತ್ತೆ? ಪುಟ್ಟ ವಿಮಾನಕ್ಕೆ ದೈತ್ಯ ಟೈರು!

● ಅಮೆರಿಕದ ಅಲಾಸ್ಕಾದ ಬಹುಪಾಲು ಹಳ್ಳಿಗಳಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಅಲ್ಲಿ ಪೈಪರ್ ಸೂಪರ್ ಕಬ್‌ನಂಥ ಎರಡು ಸೀಟಿನ ವಿಮಾನಗಳು ನದಿ ದಂಡೆಯ ಮರಳು, ಜಲ್ಲಿಕಲ್ಲುಗಳ ಮೇಲೂ ಇಳಿಯುತ್ತವೆ.

● ಇದಕ್ಕಾಗಿ ಬಳಸುವ ‘ಟಂಡ್ರಾ ಟೈರು’ಗಳ ಎತ್ತರ 26ರಿಂದ 35 ಇಂಚು. ಕಾರಿನ ಟೈರಿಗೆ ಸುಮಾರು 30 ಪಿಎಸ್‌ಐ ಗಾಳಿ ಬೇಕಾದರೆ, ಇವುಗಳಿಗೆ 10 ಪಿಎಸ್‌ಐ ಆಸುಪಾಸು ಇದ್ದರೂ ಸಾಕು. ಹೀಗಾಗಿ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಚಕ್ರ ಹೂತುಹೋಗುವುದಿಲ್ಲ. ಕಲ್ಲಿನ ಮೇಲೆ ಹರಿದರೂ ಟೈರು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ.

● ದೊಡ್ಡ ಚಕ್ರ ವಿಮಾನದ ಮೂತಿಯನ್ನು ಎತ್ತರಿಸುವುದರಿಂದ ಪ್ರೊಪೆಲ್ಲರ್‌ಗೆ ಕಲ್ಲು, ಪೊದೆ ತಾಗುವ ಭಯವೂ ಕಡಿಮೆ.

● ಗಾಳಿ ಕಡಿಮೆಯಿದ್ದಾಗ ಟೈರು ರಿಮ್ಮಿನ ಮೇಲೆ ಜಾರುವುದುಂಟು. ಆಗ ಟ್ಯೂಬಿನ ವಾಲ್ವ್ ಕಿತ್ತುಹೋಗಬಹುದು. ಅದಕ್ಕೇ ‘ಅಲಾಸ್ಕನ್ ಬುಷ್‌ವೀಲ್’ ಟೈರುಗಳಲ್ಲಿ ಟ್ಯೂಬೇ ಇಲ್ಲ, ವಾಲ್ವ್ ಇರುವುದು ಟೈರಿನ ಪಕ್ಕೆಯಲ್ಲಿ!

● ಆದರೆ ಗಾತ್ರ ಹೆಚ್ಚಿದಂತೆ ತೂಕವೂ ಗಾಳಿಯ ತಡೆಯೂ ಹೆಚ್ಚಿ, ಹಾರಾಟದ ವೇಗ ತಗ್ಗುತ್ತದೆ. ಹಳೆಯ ಬ್ರೇಕಿನ ಹಿಡಿತವೂ ಸಾಲದಾಗಬಹುದು. ಹೆಚ್ಚಾಗಿ ಡಾಂಬರು ರನ್‌ವೇಯಲ್ಲೇ ಇಳಿಯುವವರಿಗೆ ಚಿಕ್ಕ ಟೈರೇ ಲೇಸು.